ನಾಲೆಗೆ ನೀರು ಬಿಟ್ಟಿದ್ದಾರೆ: ಸುವಾರ್ತೆ ಎಂಬ ಮಾತಿನ ಅರ್ಥ

(ಕ್ರಿಸ್‌ಮಸ್‌ಗೆ ಮುಂಚಿನ ವಾರ ಮೈಸೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ಹಿರಿಯರೇ, ಸ್ನೇಹಿತರೇ,

ನಾನು ಮದ್ದೂರು ಕಡೆಯವಳು. ನಮ್ಮ ಊರಿನ ಗದ್ದೆಗಳು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿವೆ. ಕೊನೆಯ ಭಾಗ ಎಂದರೇನು ಎಂದು ಮಂಡ್ಯದವರಿಗೆ ವಿವರಿಸಬೇಕಾಗಿಲ್ಲ. ಮೈಸೂರಿನಲ್ಲಿಯೇ ಹುಟ್ಟಿ ಬೆಳೆದವರಿಗಾಗಿ ಹೇಳುತ್ತೇನೆ. ಕನ್ನಂಬಾಡಿ ಕಟ್ಟೆಯಿಂದ ಬಿಟ್ಟ ನೀರು ಮೊದಲು ಮೇಲಿನ ಊರುಗಳ ಗದ್ದೆಗಳನ್ನು ತುಂಬಿಸುತ್ತದೆ. ಉಪನಾಲೆಗಳಲ್ಲಿ ಹಂಚಿಕೊಂಡು, ಸೋರಿ, ಇಂಗಿ, ಉಳಿದದ್ದು ನಮ್ಮ ಕಡೆಗೆ ಬರುವಷ್ಟರಲ್ಲಿ ದಿನಗಳೇ ಕಳೆದಿರುತ್ತವೆ. ಕೆಲವು ವರ್ಷ ಬರುವುದೇ ಇಲ್ಲ. ಆದ್ದರಿಂದ ಮುಂಗಾರಿನಲ್ಲಿ ನಮ್ಮವರು ಪತ್ರಿಕೆ ತೆರೆದರೆ ಮೊದಲು ನೋಡುವುದು ಜಲಾಶಯದ ಮಟ್ಟವನ್ನು. ಭರ್ತಿಯಾದರೆ 124.80 ಅಡಿ. ಆ ಅಂಕಿಯನ್ನು ನಮ್ಮ ಊರಿನ ಮಕ್ಕಳು ಮಗ್ಗಿಗಿಂತ ಮೊದಲೇ ಕಲಿಯುತ್ತಾರೆ.

ನನ್ನ ತಾತ ನೀರುಗಂಟಿಯಾಗಿದ್ದರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಹರಿಯಬೇಕೆಂದು ನೋಡುವುದು ಅವರ ಕೆಲಸ. ಕೂಲಿ ಎಂದರೆ ಸುಗ್ಗಿಯಲ್ಲಿ ಸಿಗುತ್ತಿದ್ದ ಭತ್ತ. ಮೇಲಿನ ತೂಬಿಗೆ ನೀರು ಬಂದದ್ದು ತಿಳಿದ ಕೂಡಲೇ ತಾತ ನಾಲೆಯ ಏರಿಯ ಮೇಲೆ ನಡೆದು ಬಂದು, ಬೀದಿಯಲ್ಲಿ ನಿಂತು ಹೇಳುತ್ತಿದ್ದುದು ಒಂದೇ ಮಾತು: ‘ನಾಲೆಗೆ ನೀರು ಬಿಟ್ಟಿದ್ದಾರೆ.’

ಆ ಹೊತ್ತಿಗೆ ನಮ್ಮೂರ ಗದ್ದೆ ಬಿರುಕು ಬಿಟ್ಟೇ ಇರುತ್ತಿತ್ತು. ಒಂದು ಹನಿಯೂ ಬಂದಿರುತ್ತಿರಲಿಲ್ಲ. ಆದರೂ ಅಂದು ಸಂಜೆಯೇ ಬಿತ್ತನೆ ಭತ್ತ ನೆನೆಹಾಕುವವರು ನೆನೆಹಾಕುತ್ತಿದ್ದರು. ಗುದ್ದಲಿ ಹಿಡಿದು ಕಾಲುವೆಯ ಹೂಳೆತ್ತಲು ಹೋಗುವವರು ಹೋಗುತ್ತಿದ್ದರು. ನಿನ್ನೆಯವರೆಗೆ ಸಾಲ ಇಲ್ಲ ಎಂದವನು ಇಂದು ಕೊಡುತ್ತಿದ್ದ. ಬೆಂಗಳೂರಿಗೆ ಕೂಲಿಗೆ ಹೊರಟು ಗಂಟು ಕಟ್ಟಿದ್ದವನು ಗಂಟು ಬಿಚ್ಚುತ್ತಿದ್ದ. ದೂರದಲ್ಲಿ ಆಗಿಹೋದ ಒಂದು ಸಂಗತಿ, ಇನ್ನೂ ಇಲ್ಲಿಗೆ ತಲುಪದ ನೀರು, ನಡುವೆ ಒಬ್ಬ ಮನುಷ್ಯನ ಬಾಯಿಮಾತು. ಅದರ ಮೇಲೆ ಇಡೀ ಊರು ಬೇರೆ ರೀತಿಯಲ್ಲಿ ಏಳುತ್ತಿತ್ತು.

ನನಗೆ ಸುವಾರ್ತೆ ಎಂಬ ಪದದ ಅರ್ಥ ಮೊದಲು ತಿಳಿದದ್ದು ಆ ಬೀದಿಯಲ್ಲಿ. ಒಳ್ಳೆಯ ಸುದ್ದಿ ಎಂಬ ಅರ್ಥದ ಆ ಪದವನ್ನು ನಮ್ಮ ಕ್ರೈಸ್ತ ದೇವಾಲಯದಲ್ಲಿ ಅದಕ್ಕೂ ಮುಂಚೆ ಎಷ್ಟೋ ಸಲ ಕೇಳಿದ್ದೆ. ಕೇಳಿ ಕೇಳಿ ಅದು ಸವೆದುಹೋಗಿತ್ತು.

ಇಲ್ಲಿ ಕುಳಿತಿರುವವರಲ್ಲಿ ಎಲ್ಲರೂ ಕ್ರೈಸ್ತರಲ್ಲ. ಸುವಾರ್ತೆ ಎಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ಬಸ್ ನಿಲ್ದಾಣದಲ್ಲಿ ಕರಪತ್ರ ಹಿಡಿದು ನಿಂತವರು ನೆನಪಾಗುತ್ತಾರೆ. ಮತಾಂತರದ ವಾದವಿವಾದಗಳು ನೆನಪಾಗುತ್ತವೆ. ಅದು ಸಹಜ. ನಾನು ನಿಮ್ಮನ್ನು ಕೇಳುವುದು ಇಷ್ಟೇ: ಈ ಒಂದು ಗಂಟೆ ಆ ಪದವನ್ನು ಅದು ಹುಟ್ಟಿದ ಜಾಗದಲ್ಲಿಟ್ಟು ನೋಡೋಣ. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವಳು, ದೇವಶಾಸ್ತ್ರ ಓದಿದವಳಲ್ಲ. ನನ್ನ ದಾರಿ ಪದಗಳ ದಾರಿ, ಸ್ವಲ್ಪ ವ್ಯಾಕರಣದ ದಾರಿ.

ಈ ಮೈಸೂರು ನಗರದಲ್ಲಿಯೇ ಆ ಪದಕ್ಕೆ ಎರಡು ರೂಪಗಳಿವೆ. ಪ್ರಾಟೆಸ್ಟೆಂಟರ ವೆಸ್ಲಿ ದೇವಾಲಯದ ಕಡೆಗೆ ಹೋದರೆ ‘ಸುವಾರ್ತೆ’ ಎನ್ನುತ್ತಾರೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಸಂತ ಫಿಲೋಮಿನಾ ಚರ್ಚಿನಲ್ಲಿ ಕಥೋಲಿಕರ ಬಲಿಪೂಜೆಗೆ ಹೋದರೆ ‘ಶುಭಸಂದೇಶ’ ಎಂಬ ಪದ ಕೇಳುತ್ತದೆ. ಗ್ರೀಕಿನ ‘ಯುಆಂಗೆಲಿಯೋನ್’ ಎಂಬ ಒಂದೇ ಪದಕ್ಕೆ ಇವೆರಡೂ ಕನ್ನಡಗಳು. ‘ಯು’ ಎಂದರೆ ಒಳ್ಳೆಯದು. ‘ಆಂಗೆಲೋಸ್’ ಎಂದರೆ ದೂತ, ಸುದ್ದಿ ತರುವವನು. ಕನ್ನಡದ ಎರಡು ಪದಗಳ ನಡುವೆ ಒಂದು ಸೊಗಸಾದ ವ್ಯತ್ಯಾಸವಿದೆ. ಸಂದೇಶಕ್ಕೆ ಒಬ್ಬ ವಿಳಾಸದಾರ ಬೇಕು. ನಮ್ಮ ಸಂದೇಶಕಾವ್ಯಗಳಲ್ಲಿ ವಿರಹಿಯೊಬ್ಬ ದೂರದಲ್ಲಿರುವ ತನ್ನವಳಿಗೇ ಮಾತು ಕಳುಹಿಸುತ್ತಾನೆ, ಕಂಡವರಿಗೆಲ್ಲ ಅಲ್ಲ. ವಾರ್ತೆಗೆ ವಿಳಾಸ ಬೇಡ, ಒಂದು ಘಟನೆ ಬೇಕು. ಏನೂ ಆಗದೆ ವಾರ್ತೆ ಇಲ್ಲ. ಕ್ರೈಸ್ತರು ಹೇಳುವುದರಲ್ಲಿ ಎರಡೂ ಇವೆ: ಏನೋ ಆಗಿದೆ, ಮತ್ತು ಅದು ನಿನಗಾಗಿ. ಆದ್ದರಿಂದ ಎರಡು ಪದಗಳಲ್ಲಿ ಯಾವುದು ಸರಿ ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ನಮ್ಮ ಭಾಷೆ ಎರಡನ್ನೂ ಉಳಿಸಿಕೊಂಡದ್ದು ನಮ್ಮ ಭಾಗ್ಯ.

ಆದರೆ ಇಂದು ವಾರ್ತೆ ಎಂಬುದನ್ನೇ ಹಿಡಿದು ಮಾತನಾಡುತ್ತೇನೆ. ಈ ಊರಿಗೆ ಅದು ಒಗ್ಗುವ ಪದ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮೈಸೂರಿನ ಕೇಂದ್ರದ್ದು. ‘ವಾರ್ತೆಗಳು’ ಎಂದು ರೇಡಿಯೋ ಹೇಳಿದಾಗ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಅದಕ್ಕೂ ಹಿಂದೆ ಹೋದರೆ, 1831ರ ಹೊತ್ತಿಗೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ ಇಡೀ ಸತ್ಯವೇದ, ಎಂದರೆ ಬೈಬಲ್, ಕನ್ನಡದಲ್ಲಿ ಅಚ್ಚಾಗಿತ್ತು. ಹನ್ನೆರಡು ವರ್ಷಗಳ ನಂತರ, 1843ರಲ್ಲಿ, ಸುವಾರ್ತೆ ಸಾರಲೆಂದು ಜರ್ಮನಿಯಿಂದ ಬಂದಿದ್ದ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕನ್ನಡದ ಮೊದಲ ಸುದ್ದಿಪತ್ರಿಕೆ ಅದು. ಆ ಶತಮಾನದ ಕೊನೆಯಲ್ಲಿ ಮೈಸೂರಿನ ವೆಸ್ಲಿಯನ್ ಮಿಷನ್‌ನವರು ‘ವೃತ್ತಾಂತ ಪತ್ರಿಕೆ’ ನಡೆಸಿದರು. ಸಮಾಚಾರ, ವೃತ್ತಾಂತ, ವಾರ್ತೆ. ತಮ್ಮ ನಂಬಿಕೆಯ ನಡುಮಧ್ಯದಲ್ಲಿ ಒಂದು ಸುದ್ದಿಯನ್ನು ಇಟ್ಟುಕೊಂಡವರು ಸುದ್ದಿಪತ್ರಿಕೆಗೆ ಕೈಹಾಕಿದ್ದು ನನಗೆ ಆಕಸ್ಮಿಕ ಎನ್ನಿಸುವುದಿಲ್ಲ.

ಈಗ ಆ ಪದದ ಹುಟ್ಟೂರಿಗೆ ಹೋಗೋಣ. ಹೋಮರನ ಕಾಲದ ಗ್ರೀಕಿನಲ್ಲಿ ಈ ಪದದ ಅರ್ಥ ಒಳ್ಳೆಯ ಸುದ್ದಿ ತಂದವನಿಗೆ ಕೊಡುವ ಉಡುಗೊರೆ. ನಮ್ಮಲ್ಲಿ ‘ನಿನ್ನ ಬಾಯಿಗೆ ಸಕ್ಕರೆ ಹಾಕ’ ಎನ್ನುತ್ತೇವಲ್ಲ, ಆ ಸಕ್ಕರೆ. ನೀರಿನ ಸುದ್ದಿ ತಂದ ದಿನ ನನ್ನ ತಾತನ ಕೈಗೂ ಒಂದು ಅಚ್ಚು ಬೆಲ್ಲ ಬೀಳುತ್ತಿತ್ತು. ಮೇಲಿನಿಂದ ಬೀಳುತ್ತಿತ್ತು. ತಾತ ಊರ ಹೊರಗಿನ ಕೇರಿಯವರು, ಜಗಲಿ ಹತ್ತುವಂತಿರಲಿಲ್ಲ. ಇದನ್ನು ಹೇಳುವಾಗ ನನ್ನ ಗಂಟಲು ಇಂದಿಗೂ ಕಟ್ಟುತ್ತದೆ, ಕ್ಷಮಿಸಿ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ರೋಮ್ ಸಾಮ್ರಾಜ್ಯದಲ್ಲಿ ಈ ಪದಕ್ಕೆ ರಾಜಗಾಂಭೀರ್ಯ ಬಂತು. ಇಂದಿನ ಟರ್ಕಿಯ ಪಶ್ಚಿಮ ತೀರದಲ್ಲಿ ಪ್ರಿಯೇನೆ ಎಂಬ ಹಳೆಯ ಪಟ್ಟಣವಿದೆ. ಅಲ್ಲಿ ಕ್ರಿ. ಪೂ. 9ರ ಒಂದು ಶಾಸನ ಸಿಕ್ಕಿದೆ. ಆ ಪ್ರಾಂತ್ಯದವರು ಚಕ್ರವರ್ತಿ ಔಗುಸ್ತನ ವರ್ಧಂತಿಯ ದಿನ, ಸೆಪ್ಟೆಂಬರ್ 23ರಂದೇ, ಹೊಸ ವರ್ಷ ಆರಂಭವಾಗಬೇಕೆಂದು ನಿರ್ಣಯಿಸಿ ಕಲ್ಲಿನಲ್ಲಿ ಕೆತ್ತಿಸಿದ ಮಾತು ಅದು. ಈ ದೇವರು ಹುಟ್ಟಿದ ದಿನವೇ ಲೋಕಕ್ಕೆ ಆತನಿಂದಾದ ಶುಭವಾರ್ತೆಗಳ ಆರಂಭ ಎಂಬುದು ಅದರ ತಾತ್ಪರ್ಯ. ಅಲ್ಲಿರುವುದು ಇದೇ ಪದ, ಬಹುವಚನದಲ್ಲಿ. ವರ್ಧಂತಿ ಎಂದರೆ ಏನು, ಅರಮನೆಯ ಮುಂದೆ ಕುಶಾಲತೋಪು ಹಾರಿದರೆ ಊರು ಹೇಗೆ ಕಿವಿ ನಿಮಿರಿಸುತ್ತದೆ ಎಂಬುದು ಮೈಸೂರಿನವರಿಗೆ ಗೊತ್ತು. ಹೊಸ ಒಡೆಯನು ಬಂದಿದ್ದಾನೆ, ಯುದ್ಧ ಗೆದ್ದಾಯಿತು, ಇನ್ನು ಶಾಂತಿ. ಹಾಗೆಂದು ಓಲೆಕಾರರು ಊರೂರಿಗೆ ಓಡಿ ಸಾರುವ ಸುದ್ದಿಗೆ ಆ ಪದ ಒಪ್ಪುತ್ತಿತ್ತು.

ಈ ಹಿನ್ನೆಲೆಯಿಟ್ಟುಕೊಂಡು ಯೇಸುವಿನ ಕಥೆ ಬರೆದ ನಾಲ್ವರಲ್ಲಿ ಒಬ್ಬನಾದ ಮಾರ್ಕನ ಪುಸ್ತಕದ ಮೊದಲ ಸಾಲನ್ನು ಓದಿ: ದೇವಕುಮಾರನಾದ ಯೇಸು ಕ್ರಿಸ್ತನ ಸುವಾರ್ತೆಯ ಪ್ರಾರಂಭ. ನಮಗೆ ಅದು ಭಕ್ತಿಯ ಸಾಲಾಗಿ ಕೇಳುತ್ತದೆ. ಮೊದಲ ಶತಮಾನದಲ್ಲಿ ಕೇಳಿದವರಿಗೆ ಎದೆ ಧಸಕ್ಕೆಂದಿರಬೇಕು. ದೇವಕುಮಾರ ಎಂಬುದು ಚಕ್ರವರ್ತಿಯ ಬಿರುದು, ನಾಣ್ಯಗಳ ಮೇಲೆ ಅಚ್ಚಾಗಿದ್ದ ಬಿರುದು. ಆ ಬಿರುದನ್ನೂ ಆ ಪದವನ್ನೂ ಎತ್ತಿ, ರೋಮಿನವರೇ ಶಿಲುಬೆಗೆ ಹಾಕಿ ಕೊಂದ ಒಬ್ಬ ಬಡಗಿಗೆ ಕೊಡುತ್ತಿದ್ದಾನೆ ಮಾರ್ಕ. ಆ ನಾಲ್ವರಲ್ಲಿ ಇನ್ನೊಬ್ಬನಾದ ಲೂಕ ಇನ್ನೂ ಸೂಕ್ಷ್ಮ. ಎರಡನೆಯ ಅಧ್ಯಾಯದ ಮೊದಲ ಸಾಲಿನಲ್ಲಿ ಔಗುಸ್ತನ ಹೆಸರು ಹೇಳುತ್ತಾನೆ. ಇಡೀ ಲೋಕದ ತಲೆ ಎಣಿಸಲು ಆಜ್ಞೆ ಹೊರಡಿಸಿದವನು ಆತ. ಹತ್ತು ಸಾಲು ದಾಟುವುದರೊಳಗೆ, ರಾತ್ರಿ ಹಿಂಡು ಕಾಯುವ ಕುರುಬರಿಗೆ ದೂತನು ಜನರಿಗೆಲ್ಲ ಮಹಾಸಂತೋಷ ತರುವ ಶುಭವಾರ್ತೆಯನ್ನು ತಿಳಿಸುತ್ತಾನೆ. ಗುರುತೇನು? ಸಿಂಹಾಸನವಲ್ಲ, ಗೋದಲಿ. ನಮ್ಮ ಹಟ್ಟಿಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದೆವಲ್ಲ, ಆ ಗೋದಲಿ. ಸತ್ಯವೇದದ ಕನ್ನಡದಲ್ಲಿ ಇದಕ್ಕಿಂತ ನನಗೆ ಪ್ರಿಯವಾದ ಪದ ಇನ್ನೊಂದಿಲ್ಲ.

ಆದರೆ ಈ ಪದಕ್ಕೆ ರೋಮಿಗಿಂತ ಹಳೆಯ ಇನ್ನೊಂದು ಬೇರಿದೆ. ಹೀಬ್ರೂ ಭಾಷೆಯ ಹಳೆ ಒಡಂಬಡಿಕೆಯಲ್ಲಿ, ಎಂದರೆ ಸತ್ಯವೇದದ ಮೊದಲ ಭಾಗದಲ್ಲಿ, ಸುದ್ದಿ ತರುವವನಿಗೆ ಒಂದು ಪದವಿದೆ, ‘ಮೆವಸ್ಸೇರ್’. ಆ ಪದ ಅತ್ಯಂತ ದಟ್ಟವಾಗಿ ಬರುವ ಕಥೆಯೊಂದಿದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸುವಾರ್ತೆಯ ಬಗೆಗಿನ ಪ್ರಸಂಗಗಳಲ್ಲಿ ನಾನು ಅದನ್ನು ಹೆಚ್ಚಾಗಿ ಕೇಳಿಲ್ಲ.

ಇಸ್ರಾಯೇಲಿನ ಅರಸ ದಾವೀದನ ಮಗ ಅಬ್ಷಾಲೋಮ ತಂದೆಯ ಮೇಲೆಯೇ ದಂಗೆಯೆದ್ದಿದ್ದಾನೆ. ಮುದಿ ಅರಸ ರಾಜಧಾನಿ ಬಿಟ್ಟು ಓಡಿ, ನದಿಯಾಚೆಯ ಒಂದು ಊರಿನಲ್ಲಿ ಇದ್ದಾನೆ. ಸೇನೆ ಹೊರಡುವಾಗ ಆತ ಕೇಳಿಕೊಂಡದ್ದು ಒಂದೇ: ನನಗೋಸ್ಕರ ಆ ಹುಡುಗನೊಡನೆ ಮೆತ್ತಗೆ ನಡೆದುಕೊಳ್ಳಿ. ಯುದ್ಧವನ್ನು ಅರಸನ ಕಡೆಯವರೇ ಗೆಲ್ಲುತ್ತಾರೆ. ಆದರೆ ಸೇನಾಪತಿ ಯೋವಾಬ ಅಬ್ಷಾಲೋಮನನ್ನು ಕೊಂದಿದ್ದಾನೆ. ಯಾಜಕ ಚಾದೋಕನ ಮಗ ಅಹೀಮಾಚ ಉತ್ಸಾಹದಿಂದ, ಓಡಿಹೋಗಿ ಅರಸನಿಗೆ ಶುಭವಾರ್ತೆ ತಿಳಿಸುತ್ತೇನೆ ಎನ್ನುತ್ತಾನೆ. ಯೋವಾಬ ತಡೆಯುತ್ತಾನೆ: ಇವತ್ತು ಬೇಡ, ಅರಸನ ಮಗ ಸತ್ತಿದ್ದಾನೆ. ಒಬ್ಬ ಕೂಷ್ಯನನ್ನು, ಎಂದರೆ ಕೂಷ್ ದೇಶದವನನ್ನು, ಕಳುಹಿಸುತ್ತಾನೆ. ಅಹೀಮಾಚ ಬಿಡದೆ ಬೇಡಿ, ಬೇರೆ ದಾರಿ ಹಿಡಿದು ಓಡಿ ಕೂಷ್ಯನನ್ನು ದಾಟಿಹೋಗುತ್ತಾನೆ. ಇತ್ತ ಅರಸ ಊರಬಾಗಿಲ ನಡುವೆ ಕುಳಿತಿದ್ದಾನೆ. ಗೋಡೆಯ ಮೇಲಿನ ಕಾವಲುಗಾರ, ಒಬ್ಬನು ಓಡಿಬರುತ್ತಿದ್ದಾನೆ ಎನ್ನುತ್ತಾನೆ. ಒಬ್ಬನೇ ಆದರೆ ಅವನ ಬಾಯಲ್ಲಿ ಒಳ್ಳೆಯ ಸುದ್ದಿ ಇದೆ ಎನ್ನುತ್ತಾನೆ ಅರಸ. ಸೋತು ಓಡುವವರು ಗುಂಪಾಗಿ ಬರುತ್ತಾರೆ ಎಂಬುದು ಲೆಕ್ಕ.

ಅಹೀಮಾಚ ಬಂದು ಗೆದ್ದೆವು ಎನ್ನುತ್ತಾನೆ. ಅರಸ ಗೆಲುವಿನ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ‘ಹುಡುಗ ಅಬ್ಷಾಲೋಮ ಕ್ಷೇಮವೋ?’ ಎನ್ನುತ್ತಾನೆ. ಅಹೀಮಾಚನ ನಾಲಿಗೆ ತಡವರಿಸುತ್ತದೆ. ದೊಡ್ಡ ಗದ್ದಲ ಕಂಡೆ, ಏನೆಂದು ಗೊತ್ತಾಗಲಿಲ್ಲ ಎನ್ನುತ್ತಾನೆ. ಕೂಷ್ಯ ಬಂದು ಗೆಲುವಿನ ವಾರ್ತೆ ಹೇಳುತ್ತಾನೆ. ಮತ್ತೆ ಅದೇ ಪ್ರಶ್ನೆ. ಒಡೆಯರ ಶತ್ರುಗಳಿಗೆಲ್ಲ ಆ ಹುಡುಗನ ಗತಿಯೇ ಆಗಲಿ ಎನ್ನುತ್ತಾನೆ ಕೂಷ್ಯ. ಆಗ ಅರಸ ಬಾಗಿಲ ಮೇಲಿನ ಕೋಣೆಗೆ ಹತ್ತಿಹೋಗುತ್ತಾ ಅಳುತ್ತಾನೆ: ನನ್ನ ಮಗನೇ, ಅಬ್ಷಾಲೋಮನೇ, ನಿನಗೆ ಬದಲಾಗಿ ನಾನೇ ಸತ್ತಿದ್ದರೆ!

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ಸುಮ್ಮನಾಗುತ್ತಿದ್ದರು. ಸೇನೆಗೆ ಶುಭವಾರ್ತೆಯಾದದ್ದು ತಂದೆಗೆ ಶುಭವಾರ್ತೆಯಲ್ಲ. ದಂಗೆಕೋರ ಸತ್ತರೆ ರಾಜ್ಯ ಉಳಿಯುತ್ತದೆ. ದಂಗೆಕೋರ ಬದುಕಿದರೆ ರಾಜ್ಯ ಹೋಗುತ್ತದೆ. ಅರಸನೂ ಆಗಿ ತಂದೆಯೂ ಆಗಿರುವವನಿಗೆ ಒಳ್ಳೆಯ ಸುದ್ದಿ ಎನ್ನುವುದಾದರೂ ಯಾವುದು? ‘ನಿನಗೆ ಬದಲಾಗಿ ನಾನೇ’ ಎಂಬ ಆ ಕೂಗಿಗೆ ದಾವೀದನ ಕಾಲದಲ್ಲಿ ದಾರಿಯಿರಲಿಲ್ಲ. ಮಗ ಸತ್ತಾಗಿತ್ತು. ಕ್ರೈಸ್ತಳಾದ ನಾನು ಈ ಕಥೆಯನ್ನು ಓದುವುದು ಹೀಗೆ: ದಾವೀದ ಬಯಸಿ ಮಾಡಲಾರದೆ ಹೋದದ್ದನ್ನು ದೇವರು ಶಿಲುಬೆಯಲ್ಲಿ ಮಾಡಿದನು. ದಂಗೆಯೆದ್ದ ಮಗ ಉಳಿದನು, ಅರಸ ಸತ್ತನು. ಸುವಾರ್ತೆ ಎಂದು ನಾವು ಹೇಳುವುದರ ತಿರುಳು ಇಷ್ಟೇ. ಉಳಿದ ಮಾತೆಲ್ಲ ಇದರಿಂದ ಹೊರಡುವಂಥದ್ದು.

ಇಲ್ಲಿ ನನ್ನ ವ್ಯಾಕರಣದ ಮಾತು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ, ಮೊದಲ ಶತಮಾನದಲ್ಲಿ ಊರೂರಿಗೆ ಹೋಗಿ ಸುವಾರ್ತೆ ಸಾರಿದ ಪೌಲನು, ನಾನು ನಿಮಗೆ ಸಾರಿದ ಸುವಾರ್ತೆ ಇದು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಯೇಸು ತೀರಿಕೊಂಡು ಇಪ್ಪತ್ತೈದು ವರ್ಷ ಆಗುವಷ್ಟರಲ್ಲಿ ಬರೆದ ಪತ್ರ ಅದು. ಪೌಲನ ಪತ್ರಗಳು ನಾಲ್ಕು ಸುವಾರ್ತಾ ಪುಸ್ತಕಗಳಿಗಿಂತ ಹಳೆಯವು. ಸುವಾರ್ತೆ ಎಂದರೆ ಪುಸ್ತಕ ಎಂಬ ಅರ್ಥ ಇನ್ನೂ ಹುಟ್ಟಿರಲಿಲ್ಲ. ಅಲ್ಲಿ ಅವನು ಬಳಸುವ ಕ್ರಿಯಾಪದಗಳನ್ನು ನೋಡಿ. ಕ್ರಿಸ್ತನು ನಮ್ಮ ಪಾಪಗಳಿಗೋಸ್ಕರ ಸತ್ತನು. ಹೂಣಲ್ಪಟ್ಟನು. ಮೂರನೆಯ ದಿನ ಎಬ್ಬಿಸಲ್ಪಟ್ಟನು. ಕೇಫನಿಗೆ, ಎಂದರೆ ಶಿಷ್ಯ ಪೇತ್ರನಿಗೆ, ಕಾಣಿಸಿಕೊಂಡನು, ಆಮೇಲೆ ಹನ್ನೆರಡು ಮಂದಿಗೆ. ಎಲ್ಲವೂ ಆಗಿಹೋದ ಸಂಗತಿಗಳು. ಒಂದಾದರೂ ವಿಧ್ಯರ್ಥ ರೂಪವಿಲ್ಲ. ಮಾಡು, ಮಾಡಬೇಡ, ಹೀಗಿರು ಎಂಬ ಒಂದು ಮಾತೂ ಇಲ್ಲ.

ಯೇಸುವಿನ ಬಾಯಿಂದ ಬಂದ ಮೊದಲ ಸಾರೋಣವೂ ಹಾಗೆಯೇ. ಮಾರ್ಕ 1:15. ‘ಕಾಲ ಪರಿಪೂರ್ಣವಾಯಿತು, ದೇವರ ರಾಜ್ಯವು ಸಮೀಪಿಸಿತು.’ ಎರಡೂ ಭೂತಕಾಲ. ಅನಂತರವೇ ‘ದೇವರ ಕಡೆಗೆ ತಿರುಗಿಕೊಂಡು ಸುವಾರ್ತೆಯನ್ನು ನಂಬಿರಿ’ ಎಂಬ ವಿಧಿ. ಮೊದಲು ನೀರು ಬಿಟ್ಟಾಯಿತು, ಆಮೇಲೆ ಗುದ್ದಲಿ ಎತ್ತಿಕೊಳ್ಳಿ. ನನ್ನ ತಾತ ಬೀದಿಯಲ್ಲಿ ನಿಂತು, ಹೂಳೆತ್ತಿದವರಿಗೆ ಮಾತ್ರ ನೀರು ಬಿಡುತ್ತಾರೆ ಎಂದು ಎಂದೂ ಹೇಳಲಿಲ್ಲ. ಆದರೆ ಸುದ್ದಿ ಕೇಳಿದ ಮೇಲೂ ಹೂಳೆತ್ತದೆ ಕುಳಿತವನು ಸುದ್ದಿಯನ್ನು ನಂಬಿದ್ದಾನೆ ಎಂದು ಊರಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ನಮ್ಮ ಎಷ್ಟೋ ಪ್ರಸಂಗಗಳಲ್ಲಿ ಈ ಕ್ರಮ ತಿರುವುಮುರುವಾಗಿ ಹೋಗುತ್ತದೆ. ಒಳ್ಳೆಯವರಾಗಿ, ಪ್ರಾರ್ಥಿಸಿ, ಕಾಣಿಕೆ ಹಾಕಿ, ಆಗ ದೇವರು ಮೆಚ್ಚುತ್ತಾನೆ ಎಂಬುದು ಉಪದೇಶ. ಅದು ಎಲ್ಲ ಮತಗಳಲ್ಲೂ ಸಿಗುತ್ತದೆ, ಬಹುಪಾಲು ಚೆನ್ನಾಗಿಯೇ ಸಿಗುತ್ತದೆ. ಅದಕ್ಕೆ ಓಡಿಬರುವ ದೂತ ಬೇಡ. ‘ತಿರುಗಿಕೊಳ್ಳಿ’ ಎಂದು ಕನ್ನಡದ ಅನುವಾದಕರು ಇಟ್ಟ ಪದವನ್ನು ನಾನು ಎರಡು ಕೈ ಎತ್ತಿ ಮುಗಿಯುತ್ತೇನೆ. ಪಶ್ಚಾತ್ತಾಪ ಎಂದರೆ ಎದೆ ಬಡಿದುಕೊಳ್ಳುವುದೆಂದು ತಿಳಿಯುತ್ತೇವೆ. ಹೆಸರು ಹಿಡಿದು ಕೂಗಿದರೆ ತಿರುಗುತ್ತೇವಲ್ಲ, ಆ ಸಹಜತೆ ‘ತಿರುಗಿಕೊಳ್ಳಿ’ ಎಂಬುದರಲ್ಲಿದೆ.

ಸಾರುವುದು ಎಂಬ ಕ್ರಿಯಾಪದವನ್ನೂ ಗಮನಿಸಿ. ಗ್ರೀಕಿನಲ್ಲಿ ಅದು ಡಂಗುರದವನ ಕೆಲಸಕ್ಕೆ ಬಳಸುವ ಪದ. ನಮ್ಮಲ್ಲಿ ತಮಟೆ ಬಡಿದು ಡಂಗುರ ಸಾರುವವರು ಯಾರಾಗಿದ್ದರು? ಇಡೀ ಊರಿಗೆ ಸುದ್ದಿ ಮುಟ್ಟಿಸುವ ಬಾಯಿ ಯಾವ ಮನೆಯೊಳಗೂ ಬರುವಂತಿರಲಿಲ್ಲ. ಕುರುಬರಿಗೆ ಮೊದಲು ತಿಳಿದ ಹುಟ್ಟಿನ ಸುದ್ದಿ, ಹೆಂಗಸರಿಗೆ ಮೊದಲು ತಿಳಿದ ಪುನರುತ್ಥಾನದ ಸುದ್ದಿ. ಹೆಂಗಸರು ಬಂದು ಹೇಳಿದಾಗ ಯೇಸುವಿನ ಶಿಷ್ಯರಾದ ಅಪೊಸ್ತಲರಿಗೆ ಅದು ಬರೀ ಹರಟೆಯಾಗಿ ತೋರಿತು ಎಂದು ಲೂಕ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಸುವಾರ್ತೆ ಆರಿಸಿಕೊಂಡ ಬಾಯಿಗಳು ಇಂಥವು.

ಹಾಗಾದರೆ ಇದು ಯಾರಿಗೆ ಒಳ್ಳೆಯ ಸುದ್ದಿ? ಈ ಪ್ರಶ್ನೆಗೆ ಯೇಸು ತನ್ನ ಊರಿನಲ್ಲಿಯೇ ಉತ್ತರ ಕೊಟ್ಟನು. ನಜರೇತಿನ ಸಭಾಮಂದಿರದಲ್ಲಿ ವಿಶ್ರಾಂತಿಯ ಸಬ್ಬತ್ ದಿನ ಎದ್ದು ನಿಂತು ಹಳೆ ಒಡಂಬಡಿಕೆಯ ಪ್ರವಾದಿ ಯೆಶಾಯನ ಸುರುಳಿಯಿಂದ ಓದಿದನು: ಬಡವರಿಗೆ ಶುಭವಾರ್ತೆ ಸಾರಲು ಆತನು ನನ್ನನ್ನು ಅಭಿಷೇಕಿಸಿದನು, ಸೆರೆಯವರಿಗೆ ಬಿಡುಗಡೆ, ಕುರುಡರಿಗೆ ಕಣ್ಣು, ಕರ್ತನ ಪ್ರಸನ್ನತೆಯ ವರ್ಷ. ಆ ವರ್ಷ ಎಂಬ ಮಾತಿನ ಹಿಂದೆ ಯಾಜಕಕಾಂಡದ 25ನೆಯ ಅಧ್ಯಾಯ ನಿಂತಿದೆ. ಐವತ್ತನೆಯ ವರ್ಷ ಕೊಂಬು ಊದಿಸಬೇಕು, ಮಾರಿಹೋದ ಹೊಲ ಮೂಲದ ಮನೆಯವರಿಗೆ ಮರಳಬೇಕು, ಸಾಲಕ್ಕೆ ಆಳಾದವನು ತನ್ನ ಮನೆಗೆ ಹೋಗಬೇಕು. ಬೆಳೆ ಹೋಗಿ, ಸಾಲ ಬೆಳೆದು, ಪಹಣಿಯಲ್ಲಿ ಹೆಸರು ಬದಲಾಗುವುದನ್ನು ಕಂಡ ಮಂಡ್ಯದವರಿಗೆ ಇದು ಪರಲೋಕದ ಮಾತಲ್ಲ. ಆ ವಾಕ್ಯ ಯೆಶಾಯನಲ್ಲಿ ಇನ್ನೂ ಮುಂದುವರಿಯುತ್ತದೆ: ‘ನಮ್ಮ ದೇವರು ಮುಯ್ಯಿತೀರಿಸುವ ದಿನ’ ಎಂದು. ಯೇಸು ಅದನ್ನು ಓದಲಿಲ್ಲ. ಅಲ್ಲಿಗೇ ಸುರುಳಿ ಸುತ್ತಿ ಕೊಟ್ಟು ಕುಳಿತನು. ಆಮೇಲೆ ಹೊರಗಿನವರಿಬ್ಬರ ಮಾತೆತ್ತಿದನು. ಬರಗಾಲದಲ್ಲಿ ಪ್ರವಾದಿ ಎಲೀಯನು ಹೋದದ್ದು ಸೀದೋನಿನ ಒಬ್ಬ ವಿಧವೆಯ ಮನೆಗೆ, ಪ್ರವಾದಿ ಎಲೀಷನ ಕಾಲದಲ್ಲಿ ಕುಷ್ಠ ವಾಸಿಯಾದದ್ದು ಸಿರಿಯದ ನಾಮಾನನಿಗೆ. ತಕ್ಷಣ ಊರಿನವರು ಕೆರಳಿ, ಅವನನ್ನು ಗುಡ್ಡದ ಅಂಚಿಗೆ ಕರೆದೊಯ್ದು ತಳ್ಳಲು ನೋಡಿದರು. ನೀರು ಮೇಲಿನ ಗದ್ದೆಗಳಲ್ಲೇ ನಿಲ್ಲಲಿ ಎನ್ನುವವರು ಎಲ್ಲ ಕಾಲದಲ್ಲೂ ಇದ್ದಾರೆ.

ಕ್ರೈಸ್ತರಾದ ನಾವೂ ಅವರಲ್ಲಿದ್ದೇವೆ. ಇದನ್ನು ಹೇಳದೆ ಈ ಉಪನ್ಯಾಸ ಮುಗಿಸಿದರೆ ಅದು ಅಪ್ರಾಮಾಣಿಕವಾಗುತ್ತದೆ. ಅಂತಿಯೋಕ್ಯ ಪಟ್ಟಣದಲ್ಲಿ ಯೆಹೂದ್ಯನಾದ ಪೇತ್ರನು ಅನ್ಯಜನಾಂಗದ, ಎಂದರೆ ಯೆಹೂದ್ಯರಲ್ಲದ, ವಿಶ್ವಾಸಿಗಳೊಂದಿಗೆ ಕುಳಿತು ಊಟ ಮಾಡುತ್ತಿದ್ದನು. ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಹೆದರಿ ಪಂಕ್ತಿ ಬಿಟ್ಟೆದ್ದನು. ಪೌಲನು ಎಲ್ಲರ ಮುಂದೆ ಅವನನ್ನು ಎದುರಿಸಿದನು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದನ್ನು ಹೇಳುವಾಗ ಅವನ ಮಾತು, ಅವರು ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯಲಿಲ್ಲ ಎಂದು. ಪೇತ್ರ ಯಾವ ತಪ್ಪು ಸಿದ್ಧಾಂತವನ್ನೂ ಹೇಳಿರಲಿಲ್ಲ. ಊಟದ ಸಾಲಿನಿಂದ ಎದ್ದುಹೋದನು, ಅಷ್ಟೇ. ಪಂಕ್ತಿಭೇದ ಎಂಬ ಪದ ನಮ್ಮ ನಾಡಿನಲ್ಲಿ ಯಾರಿಗೂ ಹೊಸದಲ್ಲ. ಪೌಲನ ಕಣ್ಣಿನಲ್ಲಿ ಪಂಕ್ತಿಭೇದ ಶಿಷ್ಟಾಚಾರದ ಲೋಪವಲ್ಲ, ಸುವಾರ್ತೆಯನ್ನೇ ಅಲ್ಲಗಳೆಯುವುದು. ಕ್ರೈಸ್ತಳಾದ ಮೇಲೂ ನನ್ನ ಅಜ್ಜಿ ಒಂದು ದೇವಾಲಯದಲ್ಲಿ ವರ್ಷಗಟ್ಟಲೆ ಹಿಂದಿನ ಚಾಪೆಯ ಮೇಲೆ ಕುಳಿತರು. ಕರ್ತನ ಭೋಜನದ ಪಾತ್ರೆ ಕೊನೆಯಲ್ಲಿ ಅವರ ಸಾಲಿಗೆ ಬರುತ್ತಿತ್ತು. ‘ಕೊನೆಯ ಭಾಗಕ್ಕೆ ನೀರು ಬರುವುದು ತಡವೇ, ಮಗಳೇ’ ಎನ್ನುತ್ತಿದ್ದರು. ಅಜ್ಜಿ ಅದನ್ನು ಸಿಟ್ಟಿಲ್ಲದೆ ಹೇಳುತ್ತಿದ್ದರು. ನನಗೆ ಸಿಟ್ಟಿದೆ. ಆ ಸಿಟ್ಟು ಸುವಾರ್ತೆಯಿಂದಲೇ ಬಂದದ್ದು ಎಂದು ನಂಬಿದ್ದೇನೆ.

ಉಪನ್ಯಾಸ ಇಲ್ಲಿಗೆ ಮುಗಿಯಿತು. ಪ್ರಶ್ನೆಗಳಲ್ಲಿ ಎರಡನ್ನು ಬರೆಯುತ್ತೇನೆ.

ಒಬ್ಬ ಕಾಲೇಜು ಹುಡುಗ ಎದ್ದು ಕೇಳಿದ: ‘ಮೇಡಂ, ನಾಲೆಗೆ ನೀರು ಬಿಟ್ಟದ್ದು ಸುಳ್ಳಾದರೆ ನಾಲ್ಕು ದಿನಕ್ಕೆ ಗೊತ್ತಾಗುತ್ತದೆ. ಈ ಸುದ್ದಿಗೆ ಎರಡು ಸಾವಿರ ವರ್ಷ ಆಗಿದೆ. ನೀರು ಎಲ್ಲಿ?’ ನೇರವಾದ ಪ್ರಶ್ನೆ. ನಾನು ಹೇಳಿದೆ: ಪೌಲನು ಆ ಅಧ್ಯಾಯದಲ್ಲಿಯೇ, ಐನೂರಕ್ಕಿಂತ ಹೆಚ್ಚು ಮಂದಿ ಕಂಡರು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಬೇಕಾದರೆ ವಿಚಾರಿಸಿ ಎಂಬ ಧಾಟಿ ಅದು. ಇಂದು ನಾವು ಆ ಐನೂರು ಮಂದಿಯನ್ನು ವಿಚಾರಿಸಲಾರೆವು. ನಮ್ಮೂರವರು ತಾತನ ಮಾತನ್ನು ನೀರು ಕಾಣುವ ಮೊದಲೇ ನಂಬುತ್ತಿದ್ದುದು ಅವರ ಮೊಣಕಾಲಿನವರೆಗೆ ಮೆತ್ತಿದ್ದ ಹಸಿ ಕೆಸರನ್ನು ನೋಡಿ. ಒಣ ನಾಲೆಯಲ್ಲಿ ನಡೆದವನಿಗೆ ಆ ಕೆಸರು ಮೆತ್ತುವುದಿಲ್ಲ. ಶುಭವಾರ್ತೆ ತರುವವನ ಪಾದಗಳು ಬೆಟ್ಟಗಳ ಮೇಲೆ ಎಷ್ಟೋ ಅಂದ ಎಂದು ಯೆಶಾಯನು ಹಾಡುವುದು ಪಾದಗಳನ್ನು, ಬಾಯಿಯನ್ನಲ್ಲ. ನಾನು ಅಂಥ ಕೆಲವರ ಪಾದಗಳನ್ನು ಕಂಡಿದ್ದೇನೆ. ಆ ಆಧಾರದ ಮೇಲೆ ಭತ್ತ ನೆನೆಹಾಕಿದ್ದೇನೆ. ನೀನು ಕಂಡಿಲ್ಲದಿದ್ದರೆ ನಿನ್ನ ಪ್ರಶ್ನೆಯನ್ನು ಬಿಡಬೇಡ, ನಮ್ಮನ್ನು ಕೇಳುತ್ತಲೇ ಇರು.

ಕೊನೆಯಲ್ಲಿ ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬ ತಾಯಿ ಕೇಳಿದರು: ‘ಇಷ್ಟೆಲ್ಲ ಹೇಳಿದಿರಿ. ನನಗೆ ಓದು ಅಷ್ಟಿಲ್ಲ. ಒಂದೇ ಮಾತು ನೆನಪಿಟ್ಟುಕೊಳ್ಳಬೇಕಾದರೆ ಯಾವುದು?’

ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ಆಮೇಲೆ ಮಾರ್ಕನ ಕೊನೆಯ ಅಧ್ಯಾಯ ನೆನಪಾಯಿತು. ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಆ ಪುಸ್ತಕ 16:8ಕ್ಕೆ ನಿಂತುಹೋಗುತ್ತದೆ: ಹೆಂಗಸರು ನಡುಗುತ್ತಾ ಸಮಾಧಿಯಿಂದ ಓಡಿಹೋದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ. ಅದರ ಹಿಂದಿನ ಸಾಲಿನಲ್ಲಿ ಸಮಾಧಿಯೊಳಗಿದ್ದ ಯುವಕ ಅವರಿಗೆ ಕೊಟ್ಟ ಮಾತಿದೆ. ಹೋಗಿ ಆತನ ಶಿಷ್ಯರಿಗೂ ಪೇತ್ರನಿಗೂ ತಿಳಿಸಿರಿ ಎಂದು. ಪೇತ್ರನೂ ಶಿಷ್ಯನೇ ಅಲ್ಲವೇ? ಅವನ ಹೆಸರನ್ನು ಬೇರೆಯಾಗಿ ಏಕೆ ಹೇಳಬೇಕು? ಮೂರು ದಿನದ ಹಿಂದೆ, ಬೆಂಕಿ ಕಾಯಿಸಿಕೊಳ್ಳುತ್ತಾ, ಆ ಮನುಷ್ಯನನ್ನು ನಾನರಿಯೆ ಎಂದು ಮೂರು ಸಲ, ಕೊನೆಗೆ ಆಣೆಯಿಟ್ಟು, ಹೇಳಿದವನು ಅವನು. ಶಿಷ್ಯರಿಗೆ ಎಂದಷ್ಟೇ ಹೇಳಿದ್ದರೆ ಅದು ತನಗಲ್ಲ ಎಂದುಕೊಂಡು ಹೊರಗೇ ನಿಂತುಬಿಡುತ್ತಿದ್ದ.

‘ಪೇತ್ರನಿಗೂ ಎಂಬ ಒಂದು ಪದ ಸಾಕಮ್ಮ’ ಎಂದೆ.

ಅವರು ಅದನ್ನು ಮೆಲ್ಲಗೆ ಒಮ್ಮೆ ಹೇಳಿಕೊಂಡರು. ಪಕ್ಕದಲ್ಲಿದ್ದ ಮೊಮ್ಮಗಳಿಗೆ ಅಧ್ಯಾಯ ವಚನ ಬರೆದುಕೊಳ್ಳಲು ಹೇಳಿದರು. ಆಕೆ ತನ್ನ ಮೊಬೈಲ್‌ನಲ್ಲಿ ಬರೆದುಕೊಂಡಳು: ಮಾರ್ಕ 16:7.